ಸುದ್ದಿ ಕನ್ನಡದಲ್ಲಿ, ಅಭ್ಯಾಸ ಇಂಗ್ಲಿಷಿನಲ್ಲಿ

ಜುಲೈ 4

ಮಗಳೇ,

ಇಂಗ್ಲಿಷ್ ಪತ್ರಿಕೆಯಲ್ಲಿ ಫೇಲಾಗಿದ್ದೇನೆ. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ, ಅದಕ್ಕೇ ಮೊದಲ ಸಾಲಿಗೇ ಹಾಕಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದುಕೊಂಡು ಮುಂದೆ ಓದು.

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಬೇರೆ ಎಲ್ಲಾ ವಿಷಯ ಪಾಸಾಗಿದೆ. ರಕ್ತ, ರಸಾಯನ, ಸೂಕ್ಷ್ಮಜೀವಿ, ಎಲ್ಲಾ ದಾಟಿದೆ. ‘ಪದ ಮತ್ತು ಬಳಕೆ’ ಎಂಬ ಈ ಒಂದು ಪತ್ರಿಕೆ ಕುತ್ತಿಗೆಗೆ ಬಂದಿದೆ. ಹೊಸಬರ ಜೊತೆ ಮತ್ತೆ ತರಗತಿಯಲ್ಲಿ ಕೂತು, ನವೆಂಬರಿನಲ್ಲಿ ಮರುಪರೀಕ್ಷೆ ಬರೆಯಬೇಕು. ಅದರಲ್ಲೂ ಹೋದರೆ ಸೀಟು ಹೋಗುತ್ತದೆ, ನಾನು ಮತ್ತೆ ಆಸ್ಪತ್ರೆಯ ಲ್ಯಾಬಿನ ತೊಟ್ಟಿಯ ಮುಂದೆ ನಿಂತು ಗಾಜಿನ ನಳಿಕೆ ತೊಳೆಯಬೇಕು. ಕೆಲಸದಲ್ಲಿರುವವರಿಗೆ ಅಂತ ಇಟ್ಟಿರುವ ಈ ಸೀಟು ಒಬ್ಬರಿಗೆ ಒಂದೇ ಸಲ. ಅಷ್ಟು ವರ್ಷ ತೊಳೆದದ್ದು ಸಾಕಾಗಿದೆ ಕಣೇ.

ನಮ್ಮ ಇಂಗ್ಲಿಷ್ ಮೇಷ್ಟ್ರು ಪ್ರತಿ ಪದಕ್ಕೂ ಮುಂಚೆ ಒಮ್ಮೆ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ನಾನು ಅವರಿಗೆ ಗಂಟಲು ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಪದ ಹೇಳುತ್ತಾರೆ, ಅರ್ಥ ಹೇಳುತ್ತಾರೆ, ‘ಸ್ವಂತ ವಾಕ್ಯ ಬರೀರಿ’ ಅನ್ನುತ್ತಾರೆ. ಅರ್ಥ ಗೊತ್ತಿದ್ದರೂ ವಾಕ್ಯ ಮಾಡಲು ಕೂತರೆ ಕೈ ಓಡುವುದಿಲ್ಲ. ಪಕ್ಕದ ಜಡೆ ಹುಡುಗಿ ಪಟಪಟ ಬರೆದು ಉಗುರು ನೋಡಿಕೊಳ್ಳುತ್ತಾ ಕೂತಿರುತ್ತಾಳೆ. ಅವಳಿಗೆ ನನ್ನ ಮೊಮ್ಮಗಳ ವಯಸ್ಸು ಅಂತ ಹೇಳಲಾರೆ, ಆದರೆ ನಿನಗಿಂತ ಬಹಳ ಚಿಕ್ಕವಳು.

ನೀನು ಇದನ್ನೇ ಊರವರ ಮಕ್ಕಳಿಗೆಲ್ಲಾ ಕಲಿಸುತ್ತೀಯ. ಹೆತ್ತವಳಿಗೂ ಸ್ವಲ್ಪ ಕಲಿಸು. ಫೋನಿನಲ್ಲಿ ಬೇಡ. ಫೋನಿನಲ್ಲಿ ನೀನು ಬೇರೆ ಏನೋ ತಿದ್ದುತ್ತಾ ‘ಹೂಂ, ಆಮೇಲೆ’ ಅನ್ನುತ್ತೀಯ, ನನಗೆ ಮೈ ಉರಿಯುತ್ತದೆ. ಪರೀಕ್ಷೆ ಹೇಗೂ ಕೈಬರಹದಲ್ಲೇ, ಪತ್ರದಲ್ಲೇ ಆಗಲಿ.

ಅಮ್ಮ

—

ಜುಲೈ 15

ಅಮ್ಮ,

ನೀನು ಫೇಲಾದ ವಿಷಯ ಮಾವ ನನಗೆ ಆಗಲೇ ಹೇಳಿದ್ದ. ಸುತ್ತಿ ಬಳಸುವುದು ಜಾಯಮಾನವಲ್ಲ ಅನ್ನುವವಳು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆಯಲ್ಲ. ಇರಲಿ, ಬೈಯುವುದಿಲ್ಲ. ಬೈಯಲೂ ಪುರುಸೊತ್ತಿಲ್ಲ. ನನ್ನ ಮೇಜಿನ ಮೇಲೆ ಮೂರು ತರಗತಿಯ ಹಾಳೆಗಳು ರಾಶಿ ಬಿದ್ದಿವೆ. ನಮ್ಮ ವಿಭಾಗದ ಮುಖ್ಯಸ್ಥರು ದಿನಕ್ಕೊಮ್ಮೆ ಬಾಗಿಲಲ್ಲಿ ಇಣುಕಿ ‘ಮುಗೀತಾ ಮೇಡಂ?’ ಅನ್ನುತ್ತಾರೆ.

ಈಗ ಕೇಳು. ಹದಿನೈದು ದಿನಕ್ಕೆ ಹತ್ತು ಪದ ಕಳಿಸುತ್ತೇನೆ, ಮೊದಲ ಹತ್ತು ಜೊತೆಗಿವೆ. ಪ್ರತಿಯೊಂದಕ್ಕೂ ನಿನ್ನದೇ ವಾಕ್ಯ ಬೇಕು. ನಿಘಂಟಿನಿಂದ ಎತ್ತಿದರೆ ನನಗೆ ತಕ್ಷಣ ಗೊತ್ತಾಗುತ್ತದೆ. ನೀನು ಕಂಡಿದ್ದು, ಕೇಳಿದ್ದು, ಮನೆಯಲ್ಲಿ ಆಡುವ ಮಾತು, ಅದರಲ್ಲಿ ಪದ ಕೂರಿಸು. ನಾನು ಕೆಂಪು ಶಾಯಿಯಲ್ಲಿ ತಿದ್ದಿ ಹಾಳೆ ವಾಪಸ್ ಕಳಿಸುತ್ತೇನೆ. ಕೆಂಪು ನೋಡಿ ಮುಖ ಊದಿಸಿಕೊಳ್ಳಬೇಡ.

ನೀನು ನಗುವ ಹಾಗೆ ಒಂದು ಹೇಳುತ್ತೇನೆ. ನನ್ನ ತರಗತಿಯ ಒಬ್ಬ ಹುಡುಗ ‘ಎಲಿಜಿಬಲ್’ ಎಂಬ ಪದಕ್ಕೆ, ನಮ್ಮ ನಾಯಿ ಈ ವರ್ಷ ಮದುವೆಗೆ ಎಲಿಜಿಬಲ್ ಆಗಿದೆ ಎಂದು ಬರೆದಿದ್ದ. ಎದ್ದು ನಿಂತು ಜೋರಾಗಿ ಓದಿದೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಾರಕ್ಕೆ ಇಂಥ ಒಂದೆರಡು ಸಿಕ್ಕರೆ ಪಾಠ ಸರಾಗವಾಗಿ ಸಾಗುತ್ತದೆ.

ಕಡ್ಡಿ

—

ಜುಲೈ 26

ಕಡ್ಡಿ,

ನಾನೊಂದು ದಾರಿ ಮಾಡಿಕೊಂಡಿದ್ದೇನೆ. ಮೊದಲು ಕನ್ನಡದ ವಾಕ್ಯದಲ್ಲಿ ಆ ಇಂಗ್ಲಿಷ್ ಪದವನ್ನು ಕೂರಿಸಿ ನೋಡುತ್ತೇನೆ. ಅಲುಗಾಡದೆ ಕೂತರೆ, ಕೆಳಗೆ ಇಡೀ ವಾಕ್ಯವನ್ನು ಇಂಗ್ಲಿಷಿಗೆ ತರುತ್ತೇನೆ. ನಗಬೇಡ. ಹೀಗೆ ಮಾಡಿದರೆ ಮಾತ್ರ ನನ್ನ ಕೈ ಓಡುತ್ತದೆ.

ಹಾಳೆ ಜೊತೆಗಿದೆ. ಮೊದಲ ನಾಲ್ಕು ಇಲ್ಲೇ ಬರೆದಿದ್ದೇನೆ, ಓದಲಾಗದಿದ್ದರೆ ನೋಡಿಕೋ.

ಕೊಲ್ಯಾಪ್ಸ್: ನಿನ್ನೆ ಸಂಜೆ ನನ್ನ ಗಂಡ ಅಡುಗೆಮನೆಯಲ್ಲಿ ಕೊಲ್ಯಾಪ್ಸ್ ಆದರು.
ಅರ್ಜೆಂಟ್: ಅರ್ಜೆಂಟ್ ಆಪರೇಷನ್ ಬೇಕು ಎಂದು ಡಾಕ್ಟರು ಹೇಳಿದರು.
ಪೋಸ್ಟ್‌ಪೋನ್: ನಾವು ಅದನ್ನು ಪೋಸ್ಟ್‌ಪೋನ್ ಮಾಡಿದೆವು.
ಕನ್ಸೀಲ್: ದೂರದಲ್ಲಿರುವ ಮಗಳಿಂದ ಈ ವಿಷಯವನ್ನು ಕನ್ಸೀಲ್ ಮಾಡಿದ್ದೇವೆ.

ಮಿಕ್ಕಿದ್ದು ಹಾಳೆಯಲ್ಲಿ. ನಿಮ್ಮಪ್ಪ ಕಾಲು ಮುರಿದ ಸ್ಟೂಲೊಂದನ್ನು ರಿಪೇರಿ ಮಾಡುತ್ತೇನೆಂದು ವರಾಂಡದ ತುಂಬಾ ಮೊಳೆ ಚೆಲ್ಲಿಕೊಂಡಿದ್ದಾರೆ.

ಅಮ್ಮ

—

ಜುಲೈ 31

ಅಮ್ಮ,

ನಿನಗೆ ಬುದ್ಧಿ ನೆಟ್ಟಗಿದೆಯಾ?

ನಿನ್ನ ಪತ್ರ ಕಾರಿಡಾರಿನಲ್ಲಿ ಒಡೆದೆ. ಕನ್ಸೀಲ್ ತನಕ ಬಂದು ಅಲ್ಲಿಗೇ ನಿಲ್ಲಿಸಿದೆ. ಕೊನೆಯ ಸಾಲಿನವರೆಗೆ ಓದುವ ಸ್ಥಿತಿಯಲ್ಲಿ ನಾನಿರಲಿಲ್ಲ. ತರಗತಿ ಬಿಟ್ಟು ಫೋನ್ ಮಾಡಿದರೆ ಅಪ್ಪ ಬಾಯಲ್ಲಿ ಮೊಳೆ ಇಟ್ಟುಕೊಂಡೇ ‘ಯಾರು ಬಿದ್ದಿದ್ದು? ನಾನಾ? ಯಾವಾಗ?’ ಅಂತ ನನ್ನನ್ನೇ ಕೇಳಿದರು. ಆಮೇಲೆ ನಿನ್ನನ್ನು ಕರೆಯಿರಿ ಅಂದರೆ ನೀನು ಕಾಲೇಜಿಗೆ ಹೋಗಿದ್ದೀಯಂತೆ. ಇಲ್ಲಿ ಮುಖ್ಯಸ್ಥರ ಮುಂದೆ ಅಳು ಬೇರೆ ಬಂತು, ಮಾನ ಮೂರು ಕಾಸಿಗೆ ಹರಾಜಾಯಿತು.

ಇನ್ನು ಮೇಲೆ ಯಾರನ್ನೂ ಬೀಳಿಸಬೇಡ. ವಾಕ್ಯಗಳಲ್ಲಿ ವ್ಯಾಕರಣದ ತಪ್ಪುಗಳು ಬಹಳ ಇವೆ, ತಿದ್ದಿದ್ದೇನೆ. ತರಗತಿ ಹೇಗೆ ನಡೆಯುತ್ತಿದೆ ಬರೆ.

ಕಡ್ಡಿ

—

ಆಗಸ್ಟ್ 8

ಮಗಳೇ,

‘ಕಂಡಿದ್ದು ಕೇಳಿದ್ದು ಬರೆ’ ಅಂದವಳು ನೀನು. ಅಷ್ಟು ವರ್ಷ ಆಸ್ಪತ್ರೆಯಲ್ಲಿ ನಾನು ಕಂಡಿದ್ದು ಕೇಳಿದ್ದು ಅದೇ. ಬಿದ್ದರು, ಅರ್ಜೆಂಟ್, ಆಪರೇಷನ್, ಮಕ್ಕಳಿಗೆ ಹೇಳಬೇಡಿ. ಗಂಡ ಅಂತ ಬರೆದದ್ದು ಇಂಗ್ಲಿಷಿನಲ್ಲಿ ಆ ಪದದ ಸ್ಪೆಲ್ಲಿಂಗ್ ಗೊತ್ತಿದ್ದುದರಿಂದ. ಅದಕ್ಕೆ ಇಷ್ಟು ರಾದ್ಧಾಂತ ಮಾಡಿದ್ದೀಯ.

ಒಂದು ಕಟ್ಟುಪಾಡು ಮಾಡಿಕೊಳ್ಳೋಣ. ಸುದ್ದಿ ಏನಿದ್ದರೂ ಕನ್ನಡದಲ್ಲಿ ಬರೆಯುತ್ತೇನೆ. ಹಾಳೆಯಲ್ಲಿ ಇರುವುದು ಅಭ್ಯಾಸ. ಅದನ್ನು ಓದಿ ಹೆದರಬೇಡ, ಅಳಬೇಡ, ನಿಮ್ಮಪ್ಪನಿಗೆ ಫೋನ್ ಮಾಡಬೇಡ, ತಿದ್ದು ಅಷ್ಟೇ.

ತರಗತಿ ಹೇಗೆ ನಡೆಯುತ್ತಿದೆ ಅಂತ ಕೇಳಿದ್ದೀಯ. ನಡೆಯುತ್ತಿದೆ.

ಅಂದ ಹಾಗೆ, ನಾಯಿಯ ಮದುವೆ ಬರೆದ ಆ ಹುಡುಗ ಈಗ ಹೇಗಿದ್ದಾನೆ?

ಅಮ್ಮ

—

ಆಗಸ್ಟ್ 17

ಅಮ್ಮ,

ಆಯಿತು, ಒಪ್ಪಿದೆ. ಸುದ್ದಿ ಕನ್ನಡದಲ್ಲಿ, ಅಭ್ಯಾಸ ಇಂಗ್ಲಿಷಿನಲ್ಲಿ. ನೀನು ಹಾಳೆಯಲ್ಲಿ ಮನೆಗೆ ಬೆಂಕಿ ಬಿತ್ತು ಅಂತ ಬರೆದರೂ ನಾನು ಕ್ರಿಯಾಪದ ಮಾತ್ರ ನೋಡುತ್ತೇನೆ.

ಯಾವ ಹುಡುಗ? ಓ, ಅವನಾ. ಇದ್ದಾನೆ. ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಾನೆ, ಈಗ ಬರೆದು ಕೊಡುವುದೇ ಅಪರೂಪ. ಸೋಮಾರಿ. ಈ ವಾರ ಇನ್ನೊಬ್ಬಳ ವಾಕ್ಯ ಸಿಕ್ಕಿತು, ‘ಪ್ರಿಸರ್ವ್’ ಪದಕ್ಕೆ ಅಜ್ಜಿಯನ್ನು ಫ್ರಿಜ್ಜಿನಲ್ಲಿಟ್ಟ ಹಾಗೆ ಬರೆದಿದ್ದಳು. ಅದನ್ನು ಓದಿದಾಗ ಕಿಟಕಿಯ ಹೊರಗೆ ಹೋಗುತ್ತಿದ್ದವರೂ ನಿಂತು ನಕ್ಕರು.

ನೀನು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದೀಯ. ಕಳೆದ ಹಾಳೆಯಲ್ಲಿ ಕೆಂಪಲ್ಲಿ ಬರೆದಿದ್ದು ಓದಲೇ ಇಲ್ಲವಾ? ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಹೊಸ ಹತ್ತು ಪದ ಕಳಿಸಿದ್ದೇನೆ.

ಕಡ್ಡಿ

—

ಆಗಸ್ಟ್ 30

ಕಡ್ಡಿ,

ಸುದ್ದಿ ವಿಶೇಷವೇನಿಲ್ಲ. ಸ್ಟೂಲು ನಿಂತಿದೆ, ಆದರೆ ಅದರ ಮೇಲೆ ಕೂರುವ ಧೈರ್ಯ ಯಾರಿಗೂ ಇಲ್ಲ. ಮೇಲಿನ ಮನೆಯವರ ನಲ್ಲಿ ಸೋರಿ ನಮ್ಮ ಬಚ್ಚಲಿನ ಗೋಡೆ ಹಸಿಯಾಗಿದೆ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊರಡುತ್ತೇನೆ, ಸಂಜೆ ಬರುತ್ತೇನೆ.

ಹಾಳೆಯಲ್ಲಿ ಈ ಸಲ ಅಕ್ಷರ ಸ್ವಲ್ಪ ಕೆಟ್ಟಿದೆ, ತೊಡೆಯ ಮೇಲಿಟ್ಟುಕೊಂಡು ಬರೆದದ್ದು. ಮೊದಲ ಐದರ ಕನ್ನಡದ ಸಾಲು ಇಲ್ಲೂ ಬರೆಯುತ್ತೇನೆ.

ರಿಪೀಟ್: ಮೇಷ್ಟ್ರು ನನ್ನ ವಾಕ್ಯವನ್ನು ರಿಪೀಟ್ ಮಾಡಿದರು, ಹುಡುಗರು ಡೆಸ್ಕ್ ಬಡಿದರು.
ಅವಾಯ್ಡ್: ಅಂದಿನಿಂದ ನಾನು ತರಗತಿಯನ್ನು ಅವಾಯ್ಡ್ ಮಾಡುತ್ತಿದ್ದೇನೆ.
ಪ್ರಿಟೆಂಡ್: ಮನೆಯಲ್ಲಿ ಕಾಲೇಜಿಗೆ ಹೋದಂತೆ ಪ್ರಿಟೆಂಡ್ ಮಾಡುತ್ತೇನೆ.
ಶೆಲ್ಟರ್: ಬಸ್ ನಿಲ್ದಾಣದ ಶೆಲ್ಟರ್‌ನಲ್ಲಿ ಸಂಜೆಯವರೆಗೆ ಕೂತು ಪದ ಬರೆಯುತ್ತೇನೆ.
ರಿಲಕ್ಟೆಂಟ್: ನಿಜ ಹೇಳಲು ನಾನು ರಿಲಕ್ಟೆಂಟ್ ಆಗಿದ್ದೇನೆ.

ನೋಡಿ ತಿದ್ದು. ಸ್ವಲ್ಪ ನಿಧಾನವಾಗಿ ನೋಡು.

ಅಮ್ಮ

—

ಸೆಪ್ಟೆಂಬರ್ 9

ಅಮ್ಮ,

ಭೇಷ್. ಈ ಸಲದ ಹಾಳೆ ನೋಡಿ ನನಗೇ ಆಶ್ಚರ್ಯವಾಯಿತು. ಪ್ರಿಟೆಂಡ್ ಎಷ್ಟು ಸಲೀಸಾಗಿ ಕೂತಿದೆ. ಅವಾಯ್ಡ್‌ನಲ್ಲಿ ಕ್ರಿಯಾಪದದ ಕಾಲ ಮಾತ್ರ ಸರಿಯಿಲ್ಲ, ತಿದ್ದಿದ್ದೇನೆ. ಮೊದಲ ಐದು ವಾಕ್ಯಗಳನ್ನು ಒಂದೇ ಕಥೆಯ ಹಾಗೆ ಪೋಣಿಸಿದ್ದೀಯಲ್ಲ, ಆ ಕಲ್ಪನೆ ಎಲ್ಲಿಂದ ಬಂತು? ಪದ ನೆನಪಿಡಲು ಒಳ್ಳೆ ಉಪಾಯ.

ಎಷ್ಟು ಹಿಡಿಸಿತೆಂದರೆ ನನ್ನ ತರಗತಿಯಲ್ಲೂ ಮಾದರಿ ಅಂತ ಓದಿದೆ. ನಿನ್ನ ಹೆಸರು ಹೇಳಲಿಲ್ಲ, ಒಬ್ಬ ವಯಸ್ಸಾದ ವಿದ್ಯಾರ್ಥಿನಿ ಬರೆದದ್ದು ಅಂದೆ. ಬಸ್ ನಿಲ್ದಾಣದ ಸಾಲಿಗೆ ಎಲ್ಲರೂ ಗೊಳ್ಳೆಂದು ನಕ್ಕರು. ನಿನಗೆ ಇಲ್ಲಿ ಅಭಿಮಾನಿಗಳಾಗಿದ್ದಾರೆ ಕಣಮ್ಮ.

ಇದೇ ಹದದಲ್ಲಿ ಹೋದರೆ ನವೆಂಬರ್ ನಿನಗೆ ನೀರು ಕುಡಿದಷ್ಟು ಸುಲಭ. ಹೊಸ ಪದಗಳು ಜೊತೆಗಿವೆ.

ಕಡ್ಡಿ

—

ಅಕ್ಟೋಬರ್ 2

ಅಮ್ಮ,

ಹಾಳೆ ಎಲ್ಲಿ? ಹದಿನೈದು ದಿನಕ್ಕೊಂದು ಅಂತ ಮಾತಾಗಿತ್ತು. ನಾನಿಲ್ಲಿ ನನ್ನ ತರಗತಿಗಳ ರಾಶಿ ಪಕ್ಕಕ್ಕೆ ತಳ್ಳಿ ನಿನ್ನದನ್ನು ಮೊದಲು ನೋಡುತ್ತೇನೆ. ಸ್ವಲ್ಪ ಹೊಗಳಿದ ಕೂಡಲೇ ಕೈ ಬಿಟ್ಟೆಯಾ? ಮರುಪರೀಕ್ಷೆ ಹತ್ತಿರ ಬಂತು. ನಳಿಕೆ ತೊಳೆಯಲು ವಾಪಸ್ ಹೋಗುವ ಆಸೆ ಇದ್ದರೆ ಹೇಳಿಬಿಡು.

ಕಡ್ಡಿ

—

ಅಕ್ಟೋಬರ್ 12

ಅಮ್ಮ,

ಅಪ್ಪನಿಗೆ ಫೋನ್ ಮಾಡಿದ್ದೆ. ‘ದಿನಾ ಹೋಗ್ತಾಳೆ, ಬರ್ತಾಳೆ, ನಂಗೇನು ಗೊತ್ತು’ ಅಂದರು. ನಿನ್ನನ್ನು ಕರೆಯಿರಿ ಅಂದರೆ ನೀನು ಪಾತ್ರೆ ತೊಳೆಯುತ್ತಿದ್ದೀಯ, ಕೈ ಒದ್ದೆ ಅಂತ ಉತ್ತರ. ಪಾತ್ರೆಯ ಸದ್ದು ನನಗೇನೂ ಕೇಳಿಸಲಿಲ್ಲ.

ನನ್ನ ಮೇಲೆ ಕೋಪವಿದ್ದರೆ ಕೋಪ ಅಂತ ಹೇಳು. ಯಾವುದಕ್ಕೆ ಅಂತಲೂ ಹೇಳು. ಹೀಗೆ ಗೋಡೆಯ ಹಾಗೆ ಕೂತರೆ ನಾನು ಇಲ್ಲಿಂದ ಏನು ಮಾಡಲಿ?

ಕಡ್ಡಿ

—

ಅಕ್ಟೋಬರ್ 18

ಮಗಳೇ,

ಈ ಪತ್ರದ ಜೊತೆ ಹಾಳೆ ಇಲ್ಲ. ಇದರಲ್ಲಿರುವುದೆಲ್ಲಾ ಸುದ್ದಿ.

ಆಗಸ್ಟ್ ಮೊದಲ ವಾರ ಮೇಷ್ಟ್ರು ‘ಆಂಬಿಷನ್’ ಎಂಬ ಪದ ಕೊಟ್ಟರು. ನಾನು ಬರೆದೆ: ನಳಿಕೆ ತೊಳೆಯುವುದು ಬಿಟ್ಟು ಅದರೊಳಗೆ ಇರುವುದನ್ನು ಪರೀಕ್ಷೆ ಮಾಡುವುದು ನನ್ನ ಆಂಬಿಷನ್. ಇಂಗ್ಲಿಷ್ ಅಡ್ಡಾದಿಡ್ಡಿ ಇತ್ತು, ಒಪ್ಪುತ್ತೇನೆ. ಅವರು ಹಾಳೆಗಳ ನಡುವಿನಿಂದ ಅದನ್ನೇ ಎತ್ತಿಕೊಂಡು, ಗಂಟಲು ಸರಿ ಮಾಡಿಕೊಂಡು, ನಾನು ತಡವರಿಸಿ ಓದುವ ಹಾಗೆಯೇ ತಡವರಿಸಿ ಓದಿದರು. ಎಲ್ಲರೂ ನಕ್ಕರು. ‘ಇದು ಯಾರದ್ದು?’ ಅಂದರು. ಯಾರದ್ದು ಅಂತ ಎಲ್ಲರಿಗೂ ಗೊತ್ತಿತ್ತು, ತಲೆಗಳೆಲ್ಲಾ ನನ್ನ ಕಡೆ ತಿರುಗಿದವು. ಮುಂದಿನ ಬೆಂಚಿನ ಒಬ್ಬ ‘ಆಂಟಿ, ಈ ವಯಸ್ಸಲ್ಲಿ ಆಂಬಿಷನ್ನಾ?’ ಅಂದ. ಮೇಷ್ಟ್ರು ಅವನನ್ನು ಸುಮ್ಮನಿರು ಅನ್ನಲಿಲ್ಲ. ಅವರೂ ನಕ್ಕರು. ಆಮೇಲೆ ಓದಿದ್ದನ್ನೇ ಇನ್ನೊಂದು ಸಲ ಓದಿದರು.

ಕೆಟ್ಟ ಮನುಷ್ಯ ಅಲ್ಲ ಅವರು. ಪಾಠ ಸರಾಗವಾಗಿ ಸಾಗಲಿ ಅಂತ ಓದಿದರು. ಮರುದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವತ್ತೂ ನನ್ನ ಹಾಳೆ ಹುಡುಕಿದರು. ಅದರ ಮರುದಿನ ಕಾಲೇಜಿನ ಗೇಟಿನವರೆಗೆ ಹೋಗಿ, ಕಾಲು ಮುಂದೆ ಬರದೆ, ಬಸ್ ನಿಲ್ದಾಣದಲ್ಲಿ ಕೂತೆ. ಅಲ್ಲಿಂದ ಅದೇ ಅಭ್ಯಾಸವಾಯಿತು. ನಿನ್ನ ಪದಗಳನ್ನೆಲ್ಲಾ ಬರೆದದ್ದು ಅಲ್ಲೇ.

ಕನ್ನಡದಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೇಗೆ ಹೇಳಲಿ? ನೀನು ಅದನ್ನೇ ಮಾಡುತ್ತೀಯ, ಮಾಡಿ ನಗುತ್ತಾ ನನಗೆ ಬರೆಯುತ್ತೀಯ. ನಿನ್ನ ಹತ್ತಿರ ಬಂದು ನನ್ನನ್ನು ನೋಡಿ ನಕ್ಕರು ಅಂತ ಅಳಲು ನನಗೆ ನಾಚಿಕೆಯಾಯಿತು. ಹಾಳೆಯಲ್ಲಿ ಬರೆದರೆ ತಾನಾಗಿ ತಿಳಿದುಕೊಳ್ಳುತ್ತೀಯ ಅಂದುಕೊಂಡೆ. ನಿಧಾನವಾಗಿ ನೋಡು ಅಂತಲೂ ಬರೆದೆ. ನೀನು ಕಾಲ ತಿದ್ದಿದೆ. ತಿದ್ದಿದ್ದಕ್ಕೆ ಬೇಜಾರಿಲ್ಲ, ಕಟ್ಟುಪಾಡು ಮಾಡಿದವಳು ನಾನೇ. ಆದರೆ ಬಸ್ ನಿಲ್ದಾಣದಲ್ಲಿ ಕೂತಿರುವ ನನ್ನನ್ನು ತೆಗೆದುಕೊಂಡು ಹೋಗಿ ನಿನ್ನ ತರಗತಿಯಲ್ಲೂ ನಗೆಪಾಟಲು ಮಾಡಿದೆಯಲ್ಲ ಕಡ್ಡಿ, ಅವತ್ತು ನನಗೆ ಅನ್ನ ಸೇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಾಜರಿ ಸಾಲದು ಅಂತ ಹಾಲ್ ಟಿಕೆಟ್ ತಡೆದಿದ್ದಾರೆ. ನಮ್ಮ ವಿಭಾಗದ ಮುಖ್ಯಸ್ಥೆ, ಬರದೇ ಇದ್ದದ್ದು ಯಾಕೆ ಅಂತ ಇಂಗ್ಲಿಷಿನಲ್ಲಿ ಬರೆದುಕೊಡಿ, ಒಪ್ಪಿಗೆಯಾದರೆ ಬಿಡುತ್ತೇನೆ ಅಂದಿದ್ದಾರೆ. ತಿಂಗಳ ಕೊನೆಯೊಳಗೆ ಕೊಡಬೇಕು.

ಅಮ್ಮ

—

ಅಕ್ಟೋಬರ್ 22

ಅಮ್ಮ,

ಬರೆದು ಬರೆದು ಹರಿದು ಹಾಕಿದೆ. ಏನು ಬರೆದರೂ ನನಗೇ ಸುಳ್ಳು ಅನ್ನಿಸುತ್ತಿದೆ. ನನ್ನಿಂದ ತಪ್ಪಾಯಿತು. ಅದಕ್ಕಿಂತ ಹೆಚ್ಚು ಈಗ ಬರೆಯಲು ಬರುತ್ತಿಲ್ಲ.

ಆ ಮೇಷ್ಟ್ರನ್ನು ಮಾತ್ರ ಬಿಡಬಾರದು. ಮುಖ್ಯಸ್ಥೆಗೆ ಕೊಡುವ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದೇನೆ, ಎರಡು ಪುಟ. ನಿಯಮ, ವಿದ್ಯಾರ್ಥಿಯ ಘನತೆ, ಎಲ್ಲಾ ಹಾಕಿದ್ದೇನೆ. ಓದಿದರೆ ಅವರ ಬೆವರು ಇಳಿಯಬೇಕು. ನೀನು ಸಹಿ ಮಾತ್ರ ಹಾಕು. ಒಂದು ಪದವನ್ನೂ ಮುಟ್ಟಬೇಡ, ದಯವಿಟ್ಟು.

ನನ್ನ ತರಗತಿಯ ಹಿಂದಿನ ಬೆಂಚಿನ ಆ ಹುಡುಗ ಎರಡು ವಾರದಿಂದ ಬಂದಿಲ್ಲ. ಇವತ್ತು ಹಾಜರಿ ಕೂಗುವಾಗ ಗಮನಿಸಿದೆ.

ಕಡ್ಡಿ

—

ಅಕ್ಟೋಬರ್ 30

ಮಗಳೇ,

ನಿನ್ನ ಎರಡು ಪುಟ ಕೊಡಲಿಲ್ಲ. ಅದರಲ್ಲಿ ಅರ್ಧ ಪದ ನನಗೇ ಅರ್ಥವಾಗಲಿಲ್ಲ. ಪದ ಮತ್ತು ಬಳಕೆಯಲ್ಲಿ ಫೇಲಾದವಳು ಹೀಗೆ ಬರೆದಳು ಅಂದರೆ ಯಾರು ನಂಬುತ್ತಾರೆ? ನಾನೇ ಕೂತು ಒಂದು ಪುಟ ಬರೆದೆ. ನಡೆದದ್ದು ನಡೆದ ಹಾಗೆ. ನಿಮ್ಮಪ್ಪನಿಗೂ ಎಲ್ಲಾ ಹೇಳಿದೆ. ‘ಇಷ್ಟು ದಿನ ಬಸ್ ಸ್ಟ್ಯಾಂಡಲ್ಲಿ ಒಬ್ಬಳೇ ಕೂತಿದ್ಯಾ? ಹೇಳಿದ್ರೆ ನಾನೂ ಬಂದು ಕೂರ್ತಿದ್ನಲ್ಲೇ’ ಅಂದರು. ನನಗೆ ಅಲ್ಲಿಯವರೆಗೆ ಬರದ ಅಳು ಆಗ ಬಂತು.

ಮುಖ್ಯಸ್ಥೆ ನನ್ನ ಪುಟವನ್ನು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ‘ನೋಡಿ ಅಮ್ಮ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ಇದನ್ನ ಹೀಗೇ ತಗೊಂಡ್ರೆ ಸಮಿತಿಗೆ ಹೋಗ್ಬೇಕು. ಸಮಿತಿ ಕೂರೋದು ಡಿಸೆಂಬರ್‌ನಲ್ಲಿ, ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತೆ. ಮೇಷ್ಟ್ರ ವಿಷಯ ತೆಗೆದು, ಆರೋಗ್ಯ ಸರಿ ಇರ್ಲಿಲ್ಲ ಅಂತ ಬರ್ಕೊಡಿ. ಇವತ್ತೇ ಸಹಿ ಹಾಕ್ತೀನಿ’ ಅಂದರು.

ಅಲ್ಲೇ ನಿಂತು ಬರೆದುಕೊಟ್ಟೆ. ಹಾಲ್ ಟಿಕೆಟ್ ನನ್ನ ಚೀಲದಲ್ಲಿದೆ. ನೀನು ಹೇಳುವುದು ನನಗೆ ಗೊತ್ತು. ಆದರೆ ತೊಟ್ಟಿಯ ಮುಂದೆ ನಿಲ್ಲಬೇಕಾದವಳು ನಾನು, ನೀನಲ್ಲ. ಆ ಸೀಟು ನನಗೆ ಬೇಕು. ಬರೆದುಕೊಟ್ಟದ್ದು ಸುಳ್ಳು, ಅದು ಬೇರೆ ಮಾತು. ನನಗೆ ಜ್ವರವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ.

ಪದಗಳಿದ್ದರೆ ಕಳಿಸು. ದಿನ ಕಡಿಮೆ ಇದೆ.

ಅಮ್ಮ

—

ನವೆಂಬರ್ 6

ಅಮ್ಮ,

ಓದಿದ ಕೂಡಲೇ ರೇಗಿತು. ನೆಗಡಿಯೂ ಇಲ್ಲದವಳ ಕೈಯಲ್ಲಿ ಕಾಯಿಲೆ ಬರೆಸಿಕೊಂಡರಲ್ಲ. ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಆದರೆ ನೀನು ಮಾಡಿದ್ದು ಸರಿ. ಅಲ್ಲಿ ನಿಂತಿದ್ದವಳು ನೀನು.

ಆ ಹುಡುಗನ ಕೋಣೆ ಹುಡುಕಿಕೊಂಡು ಹೋಗಿದ್ದೆ. ಕ್ಷಮಿಸಪ್ಪ ಅಂದೆ. ‘ಪರವಾಗಿಲ್ಲ ಮೇಡಂ’ ಅಂದ, ತಲೆ ಎತ್ತಲಿಲ್ಲ. ಈಗ ತರಗತಿಗೆ ಬರುತ್ತಿದ್ದಾನೆ. ಬರೆಯುತ್ತಾನೆ, ಹಾಳೆಯನ್ನು ಕೈಯಿಂದ ಮುಚ್ಚಿಕೊಂಡು ಬರೆಯುತ್ತಾನೆ. ನಾನು ಹತ್ತಿರ ಹೋದರೆ ಇನ್ನಷ್ಟು ಮುಚ್ಚುತ್ತಾನೆ. ನಾನು ಈಗ ಯಾರದನ್ನೂ ಗಟ್ಟಿಯಾಗಿ ಓದುವುದಿಲ್ಲ. ಪಾಠ ಸಪ್ಪೆಯಾಗಿದೆ, ಏನು ಮಾಡಬೇಕೋ ತಿಳಿಯುತ್ತಿಲ್ಲ.

ಕೊನೆಯ ಹತ್ತು ಪದ ಜೊತೆಗಿವೆ. ಊಟ ಬಿಡಬೇಡ.

ಕಡ್ಡಿ

—

ಡಿಸೆಂಬರ್ 14

ಮಗಳೇ,

ಪಾಸಾಗಿದ್ದೇನೆ. ಸೀಟು ಉಳಿಯಿತು. ನಿಮ್ಮಪ್ಪ ಖುಷಿಯಲ್ಲಿ ಆ ಸ್ಟೂಲಿನ ಮೇಲೆ ಕೂತುಬಿಟ್ಟರು, ಅದೂ ನಿಂತಿತು.

ಇದಿಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಇನ್ನೊಂದು ವಿಷಯ ಇದೆ, ಅದಕ್ಕೇ ಪತ್ರ.

ಪರೀಕ್ಷೆಯ ಕೊನೆಯ ಪ್ರಶ್ನೆ, ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂತ. ಪದಗಳನ್ನು ನೋಡಿದೆ. ಮುಖ್ಯಸ್ಥೆಯ ಮೇಜಿನ ಮೇಲೆ ನಾನು ತೆಗೆದುಹಾಕಿದ ಸಾಲುಗಳೇ ತಲೆಗೆ ಬಂದವು. ಕನ್ನಡದಲ್ಲಿ ಕೂರಿಸಿ ನೋಡಿದೆ, ಒಂದೂ ಅಲುಗಾಡಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಇಳಿಸಿದೆ.

ಇಮಿಟೇಟ್: ನಮ್ಮ ಮೇಷ್ಟ್ರು ನನ್ನ ಓದನ್ನು ತರಗತಿಯ ಮುಂದೆ ಇಮಿಟೇಟ್ ಮಾಡಿದರು.
ಅಬ್ಸೆಂಟ್: ತರಗತಿಯ ನಗು ಸಹಿಸಲಾರದೆ ನಾನು ಮೂರು ತಿಂಗಳು ಅಬ್ಸೆಂಟ್ ಆದೆ.
ಇಲ್‌ನೆಸ್: ನನಗೆ ಯಾವ ಇಲ್‌ನೆಸ್ ಕೂಡ ಇರಲಿಲ್ಲ.
ಕಂಪೆಲ್: ಹಾಲ್ ಟಿಕೆಟ್‌ಗಾಗಿ ಸುಳ್ಳು ಬರೆಯಲು ನನ್ನನ್ನು ಕಂಪೆಲ್ ಮಾಡಿದರು.
ಡಿಸರ್ವ್: ಯಾವ ವಯಸ್ಸಿನ ವಿದ್ಯಾರ್ಥಿಯೂ ಇದನ್ನು ಡಿಸರ್ವ್ ಮಾಡುವುದಿಲ್ಲ.

ಹೀಗೇ ಹತ್ತೂ ಬರೆದೆ. ತಿದ್ದುವವರು ಗಂಟಲು ಮೇಷ್ಟ್ರೇ ಅಂತ ಗೊತ್ತಿತ್ತು. ಫೇಲ್ ಮಾಡಿದರೆ ಮಾಡಲಿ ಅನ್ನುವಷ್ಟು ಧೈರ್ಯ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಫಲಿತಾಂಶ ಬರುವವರೆಗೆ ನಾನ್ಯಾಕೆ ಈ ಹುಚ್ಚು ಸಾಹಸ ಮಾಡಿದೆ ಅಂತ ನನ್ನನ್ನೇ ಬೈದುಕೊಂಡೆ.

ನಿನ್ನೆ ಉತ್ತರಪತ್ರಿಕೆ ತೋರಿಸುವ ದಿನ. ಅವರ ಕೋಣೆಗೆ ಹೋದೆ. ಪುಟ ತಿರುವಿದೆ. ಹತ್ತಕ್ಕೆ ಹತ್ತು. ಪ್ರತಿ ವಾಕ್ಯದ ಮುಂದೆ ಕೆಂಪಲ್ಲಿ ಒಂದೊಂದು ಸರಿ ಗುರುತು. ಬೇರೆ ಏನೂ ಇಲ್ಲ, ಒಂದು ಅಕ್ಷರವೂ ಇಲ್ಲ. ಮೇಷ್ಟ್ರು ಮುಂದಿನವರ ಪತ್ರಿಕೆಯಲ್ಲಿ ಏನೋ ಗೀಚುತ್ತಲೇ ಗಂಟಲು ಸರಿ ಮಾಡಿಕೊಂಡು ‘ಭಾಷೆ ತುಂಬಾ ಸುಧಾರಿಸಿದೆ. ಹೀಗೇ ಮುಂದುವರಿಸಿ’ ಅಂದರು.

ನನಗೆ ಹೇಗಾಯಿತು ಅಂತ ನಿನಗೆ ಗೊತ್ತಾಗುತ್ತದೆ. ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಇನ್ನೂ ಏನು ಮಾಡಬೇಕು ನಾನು? ಬಾಯಿ ಬಿಟ್ಟು ಹೇಳಿದರೆ ಬೇಡ ಅನ್ನುತ್ತಾರೆ, ಬರೆದರೆ ಮಾರ್ಕ್ಸ್ ಕೊಡುತ್ತಾರೆ. ಬಾಗಿಲ ತನಕ ಹೋದೆ. ಹೊರಗೆ ಜಡೆ ಹುಡುಗಿ ತನ್ನ ಸರದಿಗೆ ಕಾಯುತ್ತಿದ್ದಳು. ಸೀಟು ಸಿಕ್ಕಿತಲ್ಲ, ಸುಮ್ಮನೆ ಹೋಗು ಅಂತ ಮನಸ್ಸು ಹೇಳುತ್ತಿತ್ತು.

ತಿರುಗಿ ಬಂದೆ. ‘ಸರ್, ಇವನ್ನ ಓದಿದ್ರಾ?’ ಅಂದೆ.

‘ಓದ್ದೇ ಮಾರ್ಕ್ಸ್ ಕೊಡ್ತೀನೇನಮ್ಮ?’ ಅಂದರು.

‘ಇದು ಅಭ್ಯಾಸ ಅಲ್ಲ ಸರ್. ನಡೆದಿದ್ದು. ಆ ಮೇಷ್ಟ್ರು ನೀವೇ’ ಅಂದೆ.

ಅವರ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಇಷ್ಟು ತಿಂಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ. ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು, ಪೆನ್ನು ಕೆಳಗಿಟ್ಟು, ಮೊದಲನೇ ವಾಕ್ಯದಿಂದ ಓದತೊಡಗಿದರು. ಗಂಟಲಿನ ಸದ್ದಿಲ್ಲ. ಜಡೆ ಹುಡುಗಿ ಒಳಗೆ ಇಣುಕಿದಳು, ಅವರಿಗೆ ಗೊತ್ತಾಗಲೇ ಇಲ್ಲ. ಹತ್ತನೆಯದು ಮುಗಿಯುವವರೆಗೂ ಅವರ ಮೇಜಿನ ಮುಂದೆ ನಿಂತೇ ಇದ್ದೆ.

ಅಮ್ಮ